ಮೆಟ್ಟಿಲ ಕೆಳಗೆ ನಿಂತ ಗಾಡಿ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಗೋವಿನಕೋವಿಯ ಹಾಲಸ್ವಾಮಿಯವರ ಮನೆಯಂಗಳದಲ್ಲಿ ಸುಂಕಲಮ್ಮ ಗಾಡಿಯೊಳಗಿನ ಹಳೆಯ ಹುಲ್ಲು ಉದುರಿಸಿ ಹೊಸದನ್ನು ಹಾಸುತ್ತಿದ್ದಾರೆ. ಸೀರೆ ಮೇಲಕ್ಕೆತ್ತಿ ಸಿಕ್ಕಿಸಿದ್ದಾರೆ, ತಲೆಗೆ ಗಂಡನ ಹಳೆಯ ಟವೆಲ್ಲು ಸುತ್ತಿದ್ದಾರೆ. ಹುಲ್ಲಿನ ಮೇಲೆ ಗೋಣಿತಾಟು, ಅದರ ಮೇಲೆ ಕಂಬಳಿ. ಎತ್ತುಗಳು ನೀರು ಕುಡಿದು ತಲೆ ಕೊಡವುತ್ತಿವೆ. ಕೊನೆಗೆ ಅವರು ಗಾಡಿಯ ಹಿಂಬದಿಗೆ ಅಗಲವಾದ ಹಲಗೆಯೊಂದನ್ನು ಓರೆಯಾಗಿ ಆನಿಸುತ್ತಾರೆ. ಕಾಲಿಲ್ಲದವರು ಕೈಯೂರಿಕೊಂಡು, ಕಣ್ಣಿಲ್ಲದವರು ತಡವಿಕೊಂಡು, ತಾವಾಗಿಯೇ ಹತ್ತಲೆಂದು ಮಾಡಿಸಿದ ಹಲಗೆ ಅದು.

“ಯಾರನ್ನೂ ನಾನು ಎತ್ತಿ ಕೂರ್ಸಲ್ಲ ಕಣ್ರಿ,” ಎನ್ನುತ್ತಾರೆ ಸುಂಕಲಮ್ಮ. “ಎತ್ತಿ ಹಾಕಾದು ಭತ್ತದ ಚೀಲಾನ. ಮನುಷ್ಯರು ಹತ್ತಿ ಕೂತ್ಕಂತಾರೆ. ತಡ ಆಗ್ತೈತೆ, ಆಗ್ಲಿ. ಅದಕ್ಕೇ ಬೇಗ ಏಳಾದು.”

ಮೊದಲು ಹತ್ತುವವರು ಚಿಕ್ಕಹನುಮಂತಪ್ಪ. ನ್ಯಾಮತಿಯ ಪಕ್ಕದ ಹಳ್ಳಿಯವರು, ಯುದ್ಧದಲ್ಲಿ ನೆಲದಲ್ಲಿ ಹೂತಿದ್ದ ಬಾಂಬು ಸಿಡಿದು ಎರಡೂ ಕಣ್ಣು ಕಳೆದುಕೊಂಡವರು, ನಿನ್ನೆ ಸಂಜೆಯೇ ಗಾಡಿಯಲ್ಲಿ ಬಂದು ಇಲ್ಲಿ ತಂಗಿದ್ದರು. ಹಲಗೆಯ ಅಂಚನ್ನು ಕೈಯಲ್ಲಿ ಸವರಿ ನೋಡಿ, ಒಂದೊಂದೇ ಹೆಜ್ಜೆ ಇಟ್ಟು ಮೇಲೆ ಹೋಗಿ, ಗಾಡಿಯ ಗೂಟ ಹಿಡಿದು ಕೂರುತ್ತಾರೆ. ಅವರ ಹಿಂದೆ ಹಾಲಸ್ವಾಮಿ. ಅವರಿಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಊರುಗೋಲುಗಳನ್ನು ಮೊದಲು ಒಳಗೆ ಎಸೆದು, ಹಲಗೆಯ ಮೇಲೆ ಹಿಂದುಮುಂದಾಗಿ ಕೂತು, ಕೈಯಿಂದ ತಳ್ಳಿಕೊಂಡು ಸರ್ರನೆ ಮೇಲೇರುತ್ತಾರೆ. ಇವತ್ತು ಹೊನ್ನಾಳಿಯಲ್ಲಿ ಚಿಕ್ಕಹನುಮಂತಪ್ಪನವರ ಜಮೀನಿನ ವಿಚಾರಣೆ. ಹಾಲಸ್ವಾಮಿ ಸಾಕ್ಷಿ ಹೇಳಲು ಹೊರಟಿದ್ದಾರೆ. ಸುಂಕಲಮ್ಮ ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು ಹಗ್ಗ ಸಡಿಲಿಸುತ್ತಾರೆ. ಗಾಡಿ ಹೊರಡುತ್ತದೆ.

ಯುದ್ಧ ಮುಗಿದು ವರ್ಷಗಳೇ ಆದವು. ದೇಶಕ್ಕೆ ಸ್ವಾತಂತ್ರ್ಯವೂ ಬಂತು. ಯುದ್ಧಕ್ಕೆ ಹೋಗಿ ಕೈಕಾಲು ಕಳೆದುಕೊಂಡು ಬಂದವರ ಮಾತು ಈಗ ಯಾರ ಬಾಯಲ್ಲೂ ಇಲ್ಲ. ಹೋಗುವಾಗ ಹಾರ ಹಾಕಿಸಿಕೊಂಡು ಹೋದವರು ಬಂದ ಮೇಲೆ ಮನೆಯ ಮೂಲೆ ಹಿಡಿದಿದ್ದಾರೆ. ಅವರನ್ನು ಮೂಲೆಯಿಂದ ಎಬ್ಬಿಸಿ, ಗಾಡಿಯಲ್ಲಿ ಕೂರಿಸಿಕೊಂಡು, ಅವರಿಗೆ ಸಿಗಬೇಕಾದ್ದನ್ನು ಕೇಳಲು ಹೊನ್ನಾಳಿಗೆ ಕರೆತರುವ ಕೆಲಸವನ್ನು ಸವಳಂಗದ ಈ ಹೆಣ್ಣುಮಗಳು ತಾನಾಗಿಯೇ ಹಿಡಿದಿದ್ದಾರೆ. ಯಾರೂ ನೇಮಿಸಿದ್ದಲ್ಲ, ಸಂಬಳವಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಅವರಿಗೆ ಗಾಡಿ ಸುಂಕಲಮ್ಮ ಎಂದೇ ಹೆಸರು.

ಗಾಡಿ ಅವರ ಗಂಡ ದುರುಗಪ್ಪನವರದು. ಸವಳಂಗದಿಂದ ಶಿವಮೊಗ್ಗಕ್ಕೆ ಭತ್ತ, ನ್ಯಾಮತಿಗೆ ಉಪ್ಪು ಬೆಲ್ಲ ಹೇರಿ ಬದುಕುತ್ತಿದ್ದ ಮನುಷ್ಯ. ಸೈನ್ಯಕ್ಕೆ ಜನ ಸೇರಿಸಿಕೊಳ್ಳುವವರು ಊರಿಗೆ ಬಂದಾಗ ಅವರೂ ಹೆಸರು ಕೊಟ್ಟರು. ಅತ್ತೆ ಅಜ್ಜಮ್ಮ ಮೂರು ದಿನ ಮಗನ ಜೊತೆ ಮಾತು ಬಿಟ್ಟಿದ್ದರಂತೆ. ಇಟಲಿ ದೇಶಕ್ಕೆ ಹೋದ ಅವರ ತುಕಡಿಗೆ ಸಿಕ್ಕಿದ್ದು ನೆಲದಲ್ಲಿ ಹೂತಿಟ್ಟ ಬಾಂಬು ತೆಗೆಯುವ ಕೆಲಸ. ಅದೇ ತುಕಡಿಯಲ್ಲಿದ್ದ ಹಾಲಸ್ವಾಮಿ ಅದನ್ನು ಹೀಗೆ ವಿವರಿಸುತ್ತಾರೆ: “ಅನ್ನದ ತಟ್ಟೆ ಹಂಗೆ ಇರ್ತೈತ್ರಿ ಅದು. ಮೈನು ಅಂತಾರೆ. ಮಣ್ಣು ಮುಚ್ಚಿ ಹೋಗಿರ್ತಾರೆ. ಯಾರು ತುಳೀತಾರೆ ಅಂತ ಅದಕ್ಕೆ ಗೊತ್ತಾಗಲ್ಲ. ಸಿಪಾಯಿ ಆದ್ರೂ ಅಷ್ಟೇ, ಎಮ್ಮೆ ಆದ್ರೂ ಅಷ್ಟೇ. ನಾವು ಮುಂದೆ ಹೋಗಿ ಚೂರಿ ತುದೀಲಿ ನೆಲ ಚುಚ್ಚಿ ಚುಚ್ಚಿ ಹುಡುಕಿ ತೆಗೀಬೇಕು.”

ದುರುಗಪ್ಪ ಸತ್ತ ಸುದ್ದಿ ತಂತಿಯಲ್ಲಿ ಬಂತು. ಸತ್ತರು ಎಂಬುದಷ್ಟೇ ಅದರಲ್ಲಿತ್ತು, ಹೇಗೆ ಎಂಬುದಿರಲಿಲ್ಲ. ಒಂದು ವರ್ಷಕ್ಕೂ ಮೇಲೆ ಸುಂಕಲಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊಟಕ್ಕೆ ಕೂತರೆ, ಅವರು ಹಸಿದು ಸತ್ತರೋ ಎನಿಸುತ್ತಿತ್ತು. ಬಾವಿಗೆ ಹೋದರೆ, ಬಾಯಾರಿ ಸತ್ತರೋ ಎನಿಸುತ್ತಿತ್ತು.

ಯುದ್ಧ ಮುಗಿದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊರುಗೋಲು ಊರಿಕೊಂಡು ಒಬ್ಬರು ಅವರ ಬಾಗಿಲಿಗೆ ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕಂಕುಳು ಸುಲಿದು ರಕ್ತ ಬಂದಿತ್ತು. “ಇದು ದುರುಗಪ್ಪಣ್ಣನ ಮನೇನಾ?” ಎಂದರು. ಅವರೇ ಹಾಲಸ್ವಾಮಿ. ಬಸ್ಸಿನವರು, ಹತ್ತಿಸಿ ಇಳಿಸುವುದು ಯಾರು ಎಂದು ಬಿಟ್ಟು ಹೋಗಿದ್ದರಿಂದ ನ್ಯಾಮತಿಯಿಂದ ಸವಳಂಗಕ್ಕೆ ಒಂಟಿ ಕಾಲಲ್ಲಿ ನಡೆದು ಬಂದಿದ್ದರು.

ಜಗಲಿಯ ಮೇಲೆ ಕೂತು ಅವರು ಎಲ್ಲವನ್ನೂ ಹೇಳಿದರು. ದುರುಗಪ್ಪ ಮೈನು ತುಳಿದು ಬಿದ್ದದ್ದು ಬೆಳಗ್ಗೆ. ದಾರಿ ಹಸನಾಗುವ ತನಕ ಯಾರೂ ಒಳಗೆ ಹೋಗಕೂಡದು ಎಂದು ಹುಕುಂ ಇತ್ತು. ದುರುಗಪ್ಪ ನೀರು ಕೇಳುತ್ತಿದ್ದರು. ಹಾಲಸ್ವಾಮಿಗೆ ತಡೆಯಲಾಗಲಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು, ಚೂರಿಯಿಂದ ನೆಲ ಚುಚ್ಚಿ ನೋಡಿಕೊಂಡು ಹತ್ತಿರ ಹೋದರು, ನೀರು ಕುಡಿಸಿದರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಧ್ಯಾಹ್ನದವರೆಗೆ ದುರುಗಪ್ಪನವರ ಉಸಿರಿತ್ತು. “ಕೊನೆ ಕೊನೇಗೆ ಊರಾಗೆ ಇದ್ದೀನಿ ಅಂದ್ಕಂಡ್ರು ಅತ್ತಿಗೆ. ಎಡಗಡೆ ಎತ್ತಿಗೆ ಲಾಳ ಸವೆದೈತೆ, ಕಟ್ಟಿಸಾಕೆ ಹೇಳು ಅಂದ್ರು. ಹೇಳ್ತೀನಿ ಅಂದೆ,” ಎಂದರು ಹಾಲಸ್ವಾಮಿ. ಹೆಣವನ್ನು ಬೆನ್ನ ಮೇಲೆ ಹಾಕಿಕೊಂಡು ಮರಳುವಾಗ ಅವರ ಬಲಗಾಲು ಇನ್ನೊಂದು ಮೈನಿನ ಮೇಲೆ ಬಿತ್ತು.

ಹೇಳಿ ಮುಗಿಸಿ, ಅಜ್ಜಮ್ಮನ ಕಾಲು ಮುಟ್ಟಿ, ಊರುಗೋಲು ಎತ್ತಿಕೊಂಡು ಹೊರಡಲು ಎದ್ದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದ ಅಜ್ಜಮ್ಮ ಸೊಸೆಯ ಕಡೆ ತಿರುಗಿದರು.

“ಅವನ್ನ ನಡ್ಕಂಡು ಹೋಗಾಕೆ ಬಿಡ್ತೀಯೇನೇ? ಗಾಡಿ ಹೂಡು.”

ಅದಕ್ಕೆ ಮೊದಲು ಸುಂಕಲಮ್ಮ ಗಾಡಿ ಹೊಡೆದವರಲ್ಲ. ಸಂಬಂಧಿಕರು ಬಾಡಿಗೆಗೆ ಹೊಡೆದುಕೊಂಡು ಬರುತ್ತಿದ್ದರು. ಆ ದಿನ ಅವರೇ ಎತ್ತು ಹೂಡಿದರು, ಹಾಲಸ್ವಾಮಿಯನ್ನು ಗೋವಿನಕೋವಿಗೆ ಮುಟ್ಟಿಸಿದರು. ಮರಳಿ ಬಂದವರೇ ಲಾಳ ಕಟ್ಟುವವರನ್ನು ಕರೆಸಿ ಎಡಗಡೆಯ ಎತ್ತಿಗೆ ಲಾಳ ಕಟ್ಟಿಸಿದರು. ಆ ರಾತ್ರಿ ಬೆಳಗಾಗುವವರೆಗೆ ನಿದ್ದೆ ಮಾಡಿದೆ ಎನ್ನುತ್ತಾರೆ.

“ನಮ್ಮನೆಯವರು ಒಬ್ಬರೇ ಸಾಯ್ಲಿಲ್ಲ. ಬಾಯಾರಿ ಸಾಯ್ಲಿಲ್ಲ. ಅದನ್ನ ಹೇಳಾಕೆ ಆ ಮನುಷ್ಯ ಒಂಟಿ ಕಾಲಾಗೆ ಬಂದ. ಈ ಜನ್ಮದಾಗೆ ತೀರ್ಸೋ ಅಂಥದ್ದಲ್ಲ ಅದು. ತೀರ್ಸಬೇಕು ಅಂತಾನೂ ಇಲ್ಲ ನನಗೆ. ಇರ್ಲಿ, ಹಂಗೇ ಇರ್ಲಿ.”

ಯುದ್ಧದಿಂದ ಬಂದವರಿಗೆ ಸರ್ಕಾರಿ ಬಂಜರು ಭೂಮಿ ಕೊಡುತ್ತಾರೆಂಬ ಸುದ್ದಿ ಆಮೇಲೆ ಹಬ್ಬಿತು. ಹೊನ್ನಾಳಿಯಲ್ಲಿ ಒಂದು ಹಳೆಯ ಮನೆ ಹಿಡಿದು ವಿಚಾರಣೆ ಶುರುವಾಯಿತು. ಜನ ಅದನ್ನು ಸಿಪಾಯಿ ಜಮೀನು ಕಚೇರಿ ಎನ್ನುತ್ತಾರೆ. ಹೊಳೆ ಉಕ್ಕಿದರೂ ನೀರು ಒಳಗೆ ಬರಬಾರದೆಂದು ಯಾವುದೋ ಕಾಲದ ವರ್ತಕರು ಬಹಳ ಎತ್ತರಕ್ಕೆ ಕಟ್ಟಿಸಿದ ಮನೆ. ಮೆಟ್ಟಿಲುಗಳು ಕಡಿದಾಗಿವೆ, ಹಿಡಿದುಕೊಳ್ಳಲು ಏನೂ ಇಲ್ಲ. ಹಾಲಸ್ವಾಮಿಗೆ ಕರೆ ಬಂದಾಗ ಸುಂಕಲಮ್ಮನೇ ಗಾಡಿ ಕಟ್ಟಿ ಕರೆದೊಯ್ದರು. ಜವಾನ ಮೇಲಿನಿಂದ ಹೆಸರು ಕೂಗಿದ. ಹಾಲಸ್ವಾಮಿ ಊರುಗೋಲು ಪಕ್ಕಕ್ಕಿಟ್ಟು, ಕೂತು ಕೂತು ಮೆಟ್ಟಿಲು ಹತ್ತತೊಡಗಿದರು. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗಿದ. ಅವರು ಬಾಗಿಲಿಗೆ ಮುಟ್ಟುವ ಹೊತ್ತಿಗೆ ಗೈರುಹಾಜರಿ ಎಂದು ಬರೆದು ಮುಂದಿನವರನ್ನು ಕರೆದಾಗಿತ್ತು. ಇನ್ನೊಮ್ಮೆ ತಪ್ಪಿದರೆ ಹಕ್ಕು ಹೋದಂತೆಯೇ ಎಂದು ಗುಮಾಸ್ತರು ಹೇಳಿ ಕಳಿಸಿದರು. ಮನೆ ಹತ್ತಿರ ಬಂದಾಗ, “ಬ್ಯಾಡ ಬಿಡಿ ಅತ್ತಿಗೆ, ಜಮೀನು ತಗಂಡು ನಾನೇನು ಮಾಡ್ಲಿ,” ಎಂದರು ಹಾಲಸ್ವಾಮಿ.

ಆ ಮಾತು ಸುಂಕಲಮ್ಮನನ್ನು ಚುಚ್ಚಿತು. ಮುಂದಿನ ಕರೆ ಬರುವುದರೊಳಗೆ ಅವರು ಹಳ್ಳಿಹಳ್ಳಿ ತಿರುಗಿ, ಹಾಲಸ್ವಾಮಿಯಂತೆಯೇ ಗಾಯಗೊಂಡು ಬಂದವರನ್ನು ಹುಡುಕಿದರು. ಒಬ್ಬನಿಗಾದರೆ ಎಲ್ಲರಿಗೂ ಹೀಗೇ ಆಗುತ್ತದೆಂದು ಅವರಿಗೆ ಅರ್ಥವಾಗಿತ್ತು. ಚನ್ನಗಿರಿಯ ಕಡೆಯ ಒಬ್ಬರು ಸಿಕ್ಕರು, ಚಿಕ್ಕಹನುಮಂತಪ್ಪ ಸಿಕ್ಕರು. ಊರವರು ಆಡಿಕೊಂಡರು. ಗಂಡ ಸತ್ತವಳು ಎದುರಿಗೆ ಬಂದರೇ ಹೊರಟ ಕೆಲಸ ಕೆಡುತ್ತದೆನ್ನುವ ಜನ, ಅವಳೇ ಹೊಡೆಯುವ ಗಾಡಿಯಲ್ಲಿ ಕೂತು ಹೋದರೆ ಜಮೀನು ಸಿಕ್ಕೀತೇ ಎಂದರು. ಆ ಮಾತು ಕೇಳಿ ಚಿಕ್ಕಹನುಮಂತಪ್ಪ ನಕ್ಕರಂತೆ. “ನನಗೆ ಎತ್ತೇ ಕಾಣಲ್ಲ. ಶಕುನ ಎಲ್ಲಿಂದ ಕಾಣ್ತೈತಮ್ಮ? ನೀನು ಹೊಡಿ.”

ಎರಡನೇ ಸಲ ಹೊನ್ನಾಳಿಗೆ ಹೋದಾಗ ಸುಂಕಲಮ್ಮ ಗಾಡಿಯನ್ನು ನೇರವಾಗಿ ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಿದರು. ಯಾರೂ ಇಳಿಯಬೇಡಿ ಎಂದರು. ಜವಾನ ರಂಗಣ್ಣ ಮೇಲಿನಿಂದ, “ಗೋವಿನಕೋವಿ ಹಾಲಸ್ವಾಮೀ,” ಎಂದು ಕೂಗಿದ.

“ಹಾಜರ್!” ಗಾಡಿಯೊಳಗಿಂದ ಹಾಲಸ್ವಾಮಿ ದನಿ ಕೊಟ್ಟರು.

“ಮೇಲೆ ಬಾರಯ್ಯ.”

“ಕಾಲಿಲ್ಲ ರಂಗಣ್ಣಾರೆ.”

“ಎಲ್ಲಿ ಬಿಟ್ಟು ಬಂದೆ?”

“ಇಟಲೀಲಿ ಐತೆ. ಸರ್ಕಾರದೋರು ತರಿಸ್ಕೊಟ್ರೆ ಈಗಲೇ ಹತ್ತಿ ಬರ್ತೀನಿ.”

ಕಾಯುತ್ತ ನಿಂತಿದ್ದ ಜನ ನಕ್ಕರು. ರಂಗಣ್ಣನ ಮುಖ ಕೆಂಪಾಯಿತು. ಗುಮಾಸ್ತರು ಹೊರಗೆ ಬಂದು, ಇಬ್ಬರು ಆಳು ಕರೆಸಿ ಹೊರಿಸಿಕೊಂಡು ಬರುತ್ತೇವೆ ಎಂದರು. ಸುಂಕಲಮ್ಮ ಒಪ್ಪಲಿಲ್ಲ. “ಹೊರೋದಾದ್ರೆ ನಾನೇ ಹೊರ್ತಿದ್ದೆ ಸ್ವಾಮಿ. ಇವರು ಮೂಟೆ ಅಲ್ಲ, ಬೇಡಾಕೂ ಬಂದಿಲ್ಲ. ನೀವು ಕರೆದ್ರಿ, ಬಂದಾರೆ,” ಎಂದು ಗಾಡಿಯಿಂದ ಇಳಿದು, ಎತ್ತುಗಳನ್ನು ನೊಗದಿಂದ ಬಿಚ್ಚಿ ಪಕ್ಕದ ಬೇವಿನ ಮರಕ್ಕೆ ಕಟ್ಟಿದರು. ಇನ್ನು ಗಾಡಿ ಅಲ್ಲಿಂದ ಕದಲುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು.

ಗದ್ದಲ ಕೇಳಿ ವಿಚಾರಣೆಯ ಸಾಹೇಬರೇ ಬಾಗಿಲಿಗೆ ಬಂದರು. “ಏನಮ್ಮ ಇದು? ದಾರಿಗೆ ಅಡ್ಡ ಗಾಡಿ ನಿಲ್ಲಿಸಿದ್ದೀರಿ.”

“ಅಡ್ಡ ಅಲ್ಲ ಸ್ವಾಮಿ, ಎದುರಿಗೆ ನಿಲ್ಲಿಸೀನಿ. ಇವರು ನಿಮಗೆ ಕಾಣ್ಲಿ ಅಂತ.”

“ಹೆಸರು ಕರೆದಾಗ ಮೇಲೆ ಬರಬೇಕು. ಅದು ಇಲ್ಲಿನ ಪದ್ಧತಿ.”

“ಹೋದ ಸಲ ಬಂದ್ರು ಸ್ವಾಮಿ. ಹತ್ತಿ ಮುಗಿಯೋದ್ರಾಗೆ ಗೈರುಹಾಜರಿ ಆಗಿ ಹೋತು. ಯುದ್ಧಕ್ಕೆ ಜನ ಬೇಕಾದಾಗ ಸಾಹೇಬರು ನಮ್ಮೂರಿಗೇ ಬಂದು, ಮರದ ಬುಡದಾಗೆ ಕೂತು ಹೆಸರು ಬರ್ಕಂಡ್ರು. ಆಗ ಯಾರೂ ಮೆಟ್ಲು ಹತ್ತು ಅನ್ನಲಿಲ್ಲ. ಇವರು ಇಷ್ಟು ದೂರ ಬಂದಾರೆ. ನೀವು ಇಷ್ಟು ಇಳೀರಿ.”

ಸಾಹೇಬರು ಹೊಸ್ತಿಲು ದಾಟಿ ಮೆಟ್ಟಿಲ ಅಂಚಿಗೆ ಬಂದರು. ಗಾಡಿಯಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ರಂಗಣ್ಣನಿಗೆ ಕುರ್ಚಿ ಕೆಳಗಿಡಲು ಹೇಳಿ, ತಾವೇ ಮೆಟ್ಟಿಲಿಳಿದು ಬಂದರು.

ಕೂತ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಕಷ್ಟದ್ದೇ ಆಗಿತ್ತು. “ಜಮೀನು ಕೊಟ್ಟರೆ ಉಳುವವರು ಯಾರಪ್ಪ? ಬೀಳು ಬಿಟ್ಟರೆ ವಾಪಸ್ಸು ಹೋಗುತ್ತದೆ.” ಹಾಲಸ್ವಾಮಿ ಇದಕ್ಕೆ ತಯಾರಾಗಿ ಬಂದಿದ್ದರು. ತಾನು ಕೂತಲ್ಲೇ ಹೊಸೆದ ಹಗ್ಗದ ಸುರುಳಿಯನ್ನು ಮುಂದಿಟ್ಟರು. “ಮುಯ್ಯಾಳು ಸ್ವಾಮಿ. ಊರಿಗೆಲ್ಲ ಕಣ್ಣಿ, ಹಗ್ಗ ನಾನು ಹೊಸ್ದು ಕೊಡ್ತೀನಿ. ಅವರು ನನ್ನ ಹೊಲ ಉಳ್ತಾರೆ. ಕಾಲಿರೋರು ಕೂಡ ಹಿಂಗೇ ಅಲ್ವಾ ಮಾಡಾದು?” ಗೋವಿನಕೋವಿಯಿಂದ ಬಂದಿದ್ದ ಇಬ್ಬರು ರೈತರು ಗುಂಪಿನಿಂದ ಮುಂದೆ ಬಂದು, ನಾವು ಉಳುತ್ತೇವೆ ಎಂದರು.

ಮಳೆಗಾಲಕ್ಕೆ ಮೊದಲು ಹಾಲಸ್ವಾಮಿಗೆ ಭೂಮಿ ಸಿಕ್ಕಿತು. ಕಲ್ಲು ಹೆಚ್ಚು, ಊರಿಂದ ದೂರ. ಆದರೂ ಅವರದೇ. ಮೊದಲ ವರ್ಷದ ಜೋಳದ ಒಂದು ಮೂಟೆ ಸವಳಂಗಕ್ಕೆ ಬಂತು. ಅಜ್ಜಮ್ಮ ಅದರಲ್ಲಿ ರೊಟ್ಟಿ ಮಾಡಿ ಮೊದಲ ರೊಟ್ಟಿಯನ್ನು ಮಗನ ಹೆಸರಿನಲ್ಲಿ ಎತ್ತಿಟ್ಟರು.

ಅಂದಿನಿಂದ ಸುಂಕಲಮ್ಮನ ಗಾಡಿ ಬಂದ ದಿನ ವಿಚಾರಣೆ ಬೇವಿನ ಮರದ ಕೆಳಗೇ ನಡೆಯುತ್ತದೆ. ಜನ ಅದನ್ನು ಗಾಡಿ ವಿಚಾರಣೆ ಎನ್ನುತ್ತಾರೆ. ಬೇರೆ ಹಳ್ಳಿಗಳಿಂದ ಬರುವ ಮುದುಕರು, ಬಾಣಂತಿಯರು ಕೂಡ ಆ ದಿನವನ್ನೇ ನೋಡಿಕೊಂಡು ಬರುತ್ತಾರೆ. ರಂಗಣ್ಣ ಈಗ ಯಾರೂ ಹೇಳದೆಯೇ ಕುರ್ಚಿ ಇಳಿಸಿ, ಒಂದು ಹೂಜಿ ನೀರು ತಂದಿಡುತ್ತಾರೆ. “ಆ ದಿನ ನಾನು ಆಡಿದ್ದು ಆಡೋ ಮಾತಾಗಿರಲಿಲ್ಲ. ಹಾಲಸ್ವಾಮಿ ಅದನ್ನ ನಗೆಯಾಗೆ ತೇಲಿಸಿಬಿಟ್ಟ, ದೊಡ್ಡ ಮನಸ್ಸು ಅವನ್ದು,” ಎನ್ನುತ್ತಾರೆ ರಂಗಣ್ಣ.

ಕೆಲಸ ಸುಲಭದ್ದಲ್ಲ. ಸವಳಂಗದಿಂದ ಹೊನ್ನಾಳಿಗೆ ಹೋಗಿ ಬರಲು ಎರಡು ದಿನ ಬೇಕು. ಗಾಡಿ ಬಾಡಿಗೆಗೆ ಹೋಗುವ ದಿನಗಳು ಕಡಿಮೆಯಾಗುತ್ತವೆ. ಮಳೆಯಲ್ಲಿ ಚಕ್ರ ಹೂತರೆ ಇಳಿದು ತಳ್ಳುವವರು ಇವರೊಬ್ಬರೇ. ಆದರೆ ಸುಂಕಲಮ್ಮ ಕಷ್ಟದ ಪಟ್ಟಿ ಹೇಳುವುದಿಲ್ಲ, ಉಪಕಾರದ ಪಟ್ಟಿ ಹೇಳುತ್ತಾರೆ. ಲಾಳ ಕಟ್ಟುವವರು ಅವರ ಎತ್ತುಗಳಿಗೆ ದುಡ್ಡು ಮುಟ್ಟುವುದಿಲ್ಲ. ನ್ಯಾಮತಿಯ ಸಂತೆ ದಾರಿಯಲ್ಲಿ ಅನ್ನಪೂರ್ಣಮ್ಮ ಎಂಬ ಮುದುಕಿ ಗಾಡಿಯ ಗೆಜ್ಜೆ ಕೇಳಿದರೆ ಮಜ್ಜಿಗೆ ತಂಬಿಗೆ ಹಿಡಿದು ಓಡಿಬರುತ್ತಾರೆ. “ನಾನು ಕೊಟ್ಟಿದ್ದು ಎರಡು ಎತ್ತಿನ ದುಡಿಮೆ. ನನಗೆ ಬಂದಿದ್ದು ಇಷ್ಟೊಂದು ಜನ,” ಎನ್ನುತ್ತಾರೆ. ಹೋದ ತಿಂಗಳು ದೂರದ ಜಗಳೂರಿನಿಂದ ಕಸ್ತೂರಮ್ಮ ಎಂಬುವರು ಹುಡುಕಿಕೊಂಡು ಬಂದಿದ್ದರು. ಗಂಡನ ಕೈಗಳು ಮೈನಿಗೆ ಹೋಗಿವೆ, ಮನೆಯಿಂದ ಹೊರಗೇ ಬರುವುದಿಲ್ಲ, ಸಾಹೇಬರ ಮುಂದೆ ನಾನು ಏನಂತ ಹೇಳಲಿ ಎಂದು ಅತ್ತರು. ಸುಂಕಲಮ್ಮ ಅವರನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡರು. “ನೀನು ಹೇಳಬ್ಯಾಡವ್ವ. ಅವರನ್ನ ಕರ್ಕಂಡು ಹೋಗು, ಅವರೇ ಹೇಳ್ಲಿ. ಬಾಯಿ ಐತಲ್ಲ,” ಎಂದು ಕಳಿಸಿದರು. ಆ ಮನುಷ್ಯ ಈಗ ಊರ ಬಾವಿಯ ತನಕ ನಡೆದು ಬರುತ್ತಾರಂತೆ.

ಗಾಡಿ ಹೊನ್ನಾಳಿ ಸೇರುವಾಗ ಬಿಸಿಲು ಏರಿದೆ. ಚಿಕ್ಕಹನುಮಂತಪ್ಪನವರ ವಿಚಾರಣೆ ಎರಡು ಸಲ ಮುಂದೆ ಹೋಗಿದೆ. ಕಣ್ಣು ಹೋದದ್ದು ಯುದ್ಧದಲ್ಲೋ ಕಾಯಿಲೆಯಲ್ಲೋ ಎಂಬ ಅನುಮಾನ ಎತ್ತಿದ್ದರು. ಇವತ್ತು ಹಾಲಸ್ವಾಮಿ, ಯುದ್ಧದ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಮಲಗಿದ್ದವನು ನಾನು ಎಂದು ಹೇಳುತ್ತಾರೆ. ಮುಖದ ಪಟ್ಟಿ ಬಿಚ್ಚಿದ ದಿನ ಆ ಮನುಷ್ಯ ಬೆಳಗಾಯಿತೇ ಎಂದು ಕೇಳಿದ್ದನ್ನು ಹೇಳುತ್ತಾರೆ. ಸಾಹೇಬರು ಪೆನ್ನು ಕೆಳಗಿಡುತ್ತಾರೆ. ಮತ್ತೆ ಎತ್ತಿಕೊಂಡು, ಜಮೀನು ಮಂಜೂರು ಎನ್ನುತ್ತಾರೆ. ಚಿಕ್ಕಹನುಮಂತಪ್ಪ ದನಿ ಬಂದ ಕಡೆಗೆ ಎರಡೂ ಕೈ ಜೋಡಿಸುತ್ತಾರೆ.

ಮರಳುವಾಗ ಅವರಿಗೆ ಒಂದೇ ಹಟ, ಹೊಲ ನೋಡಿಕೊಂಡೇ ಹೋಗಬೇಕು. ಸುಂಕಲಮ್ಮ ಗಾಡಿ ತಿರುಗಿಸುತ್ತಾರೆ. ಸಂಜೆಯ ಬಿಸಿಲಿನಲ್ಲಿ ಚಿಕ್ಕಹನುಮಂತಪ್ಪ ಹಲಗೆಯಿಂದಿಳಿದು, ಬದುವಿನ ಪಕ್ಕ ನಿಧಾನವಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಕೈ ಮುಂದೆ ಚಾಚುತ್ತಾರೆ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬಹಳ ಹೊತ್ತಿನ ಮೇಲೆ ಅಂಗೈ ಮಣ್ಣಿನ ಮೇಲೆ ಇಳಿಯುತ್ತದೆ.

“ಊರಿಗೆ ಬಂದ ಮ್ಯಾಲೆ ನೆಲ ಮುಟ್ಟಿರಲಿಲ್ಲಮ್ಮ,” ಎನ್ನುತ್ತಾರೆ. “ಹೆದರಿಕೆ. ಇವತ್ತೇ ಮುಟ್ಟಿದ್ದು. ಬೆಚ್ಚಗೈತೆ.”

ಯಾರೂ ಅವಸರ ಮಾಡುವುದಿಲ್ಲ. ಹಾಲಸ್ವಾಮಿ ಗಾಡಿಯಲ್ಲಿ ಕೂತೇ ಇಟಲಿಯ ಮಾತು ತೆಗೆಯುತ್ತಾರೆ. ಅಲ್ಲಿಯವರೂ ನಮ್ಮಂಥ ರೈತರೇ, ಎತ್ತು ಕಟ್ಟಿಯೇ ಉಳುತ್ತಾರೆ. ಯುದ್ಧ ಮುಗಿದರೂ ಅವರ ಹೊಲಗಳಲ್ಲಿ ಮೈನುಗಳು ಇನ್ನೂ ಎಷ್ಟೋ ಉಳಿದಿರುತ್ತವೆ ಎನ್ನುತ್ತಾರೆ. ಸುಂಕಲಮ್ಮನ ಮುಖ ಬಾಡುತ್ತದೆ. ನಮ್ಮನೆಯವರು ಇದ್ದ ಕಡೆ ಎಲ್ಲ ತೆಗೆದಾಗಿತ್ತಾ ಎಂದು ಕೇಳುತ್ತಾರೆ. ಆ ಬಯಲು ಪೂರ್ತಿ ಹಸನಾಯಿತು ಅತ್ತಿಗೆ, ಆಮೇಲೆ ನಮ್ಮ ತುಕಡಿಯವರೇ ಮುಗಿಸಿದರು ಎನ್ನುತ್ತಾರೆ ಹಾಲಸ್ವಾಮಿ.

ನಿಮಗೇನು ಆಸೆ ಎಂದು ಕೇಳಿದರೆ ಸುಂಕಲಮ್ಮ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಅಲ್ಲಿ ಉಳಿದಿರೋವೂ ಯಾರ ಕಾಲಿಗೂ ಸಿಗದೆ ಹೋಗ್ಲಿ. ಅಷ್ಟು ಸಾಕು,” ಎನ್ನುತ್ತಾರೆ. “ನಮ್ಮನೆಯವರು ಹಸನು ಮಾಡಿದ ಹೊಲದಾಗೆ ಈಗ ಯಾರೋ ಒಬ್ಬ ಪುಣ್ಯಾತ್ಮ ಬರಿಗಾಲಾಗೆ ನೇಗಿಲು ಹಿಡ್ಕಂಡು ಹೋಗ್ತಿರ್ತಾನೆ. ನಮ್ಮ ಹೆಸರು ಅವನಿಗೆ ಗೊತ್ತಿರಲ್ಲ. ಗೊತ್ತಿರಬೇಕು ಅಂತಾನೂ ಇಲ್ಲ. ಮನೇಲಿ ಅವನ ಹೆಂಡ್ತಿ ನೆಮ್ಮದಿಯಾಗಿ ಅಡಿಗೆ ಮಾಡ್ತಿರ್ತಾಳೆ.”